ಹಿಲ್ಮರನ ನಾಲ್ಕು ಬೆರಳು ಮಣ್ಣು

ಟೋರ್ಸ್ಬಿ ಊರಿನಲ್ಲಿ ಮಗು ತೊಟ್ಟಿಲಲ್ಲಿರುವಾಗಲೇ ಅದು ರೋಲಿ ಪಕ್ಷವೋ ಡೆಲ್ಬರ್ಟ್ ಪಕ್ಷವೋ ಎಂಬುದು ತೀರ್ಮಾನವಾಗಿಬಿಡುತ್ತದೆ. ಬೇರೆ ರಾಜಕೀಯ ಪಕ್ಷಗಳೂ ಇವೆಯೆನ್ನಿ. ಅವು ನಾಲ್ಕು ವರ್ಷಕ್ಕೊಮ್ಮೆ ಬಂದು ಹೋಗುವ ನೆಗಡಿ; ಇದು ಹುಟ್ಟುಮಚ್ಚೆ.

ಜಿಲ್ಲೆಯ ಬೇಸ್‌ಬಾಲ್ ಫೈನಲನ್ನು ಟೋರ್ಸ್ಬಿ ಗೆದ್ದಿರುವುದು ಎರಡೇ ಸಲ. ಎರಡು ಸಲವೂ ಪಕ್ಕದ ಬ್ರಾಂಟ್ ಊರನ್ನು ಸೋಲಿಸಿ, ಎರಡು ಸಲವೂ ಸ್ವಂತ ಮೈದಾನದಲ್ಲಿ. 1961ರಲ್ಲಿ ಒಂಬತ್ತು ಇನಿಂಗ್ಸಿಗೆ ಮುಗಿಯಬೇಕಾದ ಆಟ ಹದಿನಾಲ್ಕಕ್ಕೆ ಎಳೆದರೂ ರೋಲಿ ಫಿಂಕ್ ಒಬ್ಬನೇ ಕೊನೆಯವರೆಗೆ ಚೆಂಡೆಸೆದ. ಬ್ರಾಂಟಿನ ದಾಂಡಿಗರು ಗಾಳಿಗೆ ಬ್ಯಾಟು ಬೀಸಿ ಬೀಸಿ ಮೈದಾನವೆಲ್ಲ ತಂಪಾಯಿತು. ಹಿಂದಿನ ಸಾಲಿನ ಹೆಂಗಸರು ಸ್ವೆಟರ್ ತೊಟ್ಟುಕೊಂಡರಂತೆ. 1968ರಲ್ಲಿ ಡೆಲ್ಬರ್ಟ್ ಹಾಸ್ ಒಂದೂ ದೊಡ್ಡ ಹೊಡೆತ ಹೊಡೆಯದೆ ಗೆಲ್ಲಿಸಿದ. ಐದು ಸಲ ಚೆಂಡನ್ನು ಬ್ಯಾಟಿನಿಂದ ಕರುವಿನ ಮೂತಿ ಸವರುವಂತೆ ಸವರಿದ. ಅದು ಪಕ್ಕದ ಸುಣ್ಣದ ಗೆರೆ ದಾಟಿ ಹೊರಗೆ ಹೋಗಿದ್ದರೆ ಲೆಕ್ಕಕ್ಕೇ ಇಲ್ಲ. ಐದು ಸಲವೂ ಗೆರೆಯವರೆಗೆ ಹೋಗಿ, ಏನೋ ಮರೆತವರಂತೆ ಒಳಕ್ಕೆ ತಿರುಗಿ ನಿಂತಿತು. ಅಷ್ಟರಲ್ಲಿ ಡೆಲ್ಬರ್ಟ್ ಆ ಗೆರೆಗುಂಟ ಓಡಿ, ಮುಟ್ಟಬೇಕಾದ ಮೊದಲ ಬೇಸ್ ಮೇಲೆ ನಿಂತು ಹಣೆ ಒರೆಸಿಕೊಳ್ಳುತ್ತಿದ್ದ.

ಇವೆರಡರಲ್ಲಿ ಯಾವುದು ದೊಡ್ಡದು ಎಂಬುದೇ ಜಗಳ. ಈ ಜಗಳದಲ್ಲಿ ಮೂರು ನಿಶ್ಚಿತಾರ್ಥ ಮುರಿದಿವೆ, ಒಂದು ಹಲ್ಲು ಉದುರಿದೆ. ಕಾಫಿ ಅಂಗಡಿಯಲ್ಲಿ ರೋಲಿಯ ಮೇಜು ಕಿಟಕಿಯ ಬಳಿ, ಡೆಲ್ಬರ್ಟನದು ಒಲೆಯ ಬಳಿ. ನಡುವೆ ಕೂತವರಿಗೆ ಎರಡು ಕಡೆಯಿಂದಲೂ ಉಪ್ಪಿನ ಡಬ್ಬಿ ಸಿಗುವುದಿಲ್ಲ.

ಆ ನಡುವೆ ಕೂರುತ್ತಿದ್ದವನು ಹಿಲ್ಮರ್ ಲೋಕೆನ್ ಒಬ್ಬನೇ. ಮೂವತ್ತೊಂಬತ್ತು ವರ್ಷದಿಂದ ಮೈದಾನ ನೋಡಿಕೊಳ್ಳುವವನು. ಹುಲ್ಲು ಕತ್ತರಿಸುವುದು, ನೀರು ಹಾಯಿಸುವುದು, ಸುಣ್ಣದ ಗೆರೆ ಎಳೆಯುವುದು, ಇಷ್ಟೇ ಅವನ ಬದುಕು. ಮಾತು ಎಷ್ಟು ಕಡಿಮೆಯೆಂದರೆ, ಮದುವೆಯಲ್ಲಿ ಪಾದ್ರಿಗೆ ಹೇಳಿದ 'ಹೂಂ' ಎಂಬುದೇ ಅವನ ಅತಿ ದೀರ್ಘ ಭಾಷಣವೆಂದು ಹೆಂಡತಿ ಅಡೆಲ್ ಹೇಳುತ್ತಾಳೆ. ಅಡೆಲ್, ರೋಲಿಯ ಸ್ವಂತ ತಂಗಿ.

ಹಿಲ್ಮರನ ಹೊಟ್ಟೆಯೊಳಗೆ ಒಂದು ಗುಟ್ಟು ಕೂತಿತ್ತು. 1961ರ ಫೈನಲ್ಲಿನ ಬೆಳಗಿನ ಜಾವ, ಚೆಂಡೆಸೆಯುವ ದಿಬ್ಬವನ್ನು ಅವನು ನಾಲ್ಕು ಬೆರಳು ಎತ್ತರಿಸಿದ್ದ. 1968ರಲ್ಲಿ ಮೊದಲ ಬೇಸಿನ ಗೆರೆಯ ಅಂಚನ್ನು ಎರಡೂವರೆ ಬೆರಳು ಏರಿಸಿ, ಒಳಕ್ಕೆ ಇಳಿಜಾರು ಮಾಡಿದ್ದ. ಅಂಪೈರು ಮೂರು ಸಲ ಅದರ ಮೇಲೆ ನಡೆದಾಡಿದರೂ ಅವನ ಕಾಲಿಗೆ ತಿಳಿಯಲಿಲ್ಲ, ಅಷ್ಟು ನಯ. ಊರಿನ ಎರಡು ಮಹಾ ಪರಾಕ್ರಮಗಳಿಗೂ ಅಪ್ಪ ತಾನೇ ಎಂದು ತಿಳಿದುಕೊಂಡು, ಉಪ್ಪಿಲ್ಲದ ಮೊಟ್ಟೆ ತಿನ್ನುತ್ತ ಇಬ್ಬರ ಹೊಗಳಿಕೆಯನ್ನೂ ಕೇಳಿಸಿಕೊಳ್ಳುವುದು ಸಣ್ಣ ತಪಸ್ಸಲ್ಲ. ಒಮ್ಮೆ, ಒಂದೇ ಒಂದು ಸಲ, ಯಾರಾದರೂ ಮಣ್ಣಿನ ಬಗ್ಗೆ ಮಾತಾಡಲಿ ಎಂಬುದು ಅವನ ಆಸೆ.

ಮೈದಾನಕ್ಕೆ ಹೊಸ ಗೇಟು ಬಂತು. ಗೇಟಿನ ಮೇಲೆ ಒಂದೇ ಹೆಸರಿಗೆ ಜಾಗ. ಮತ ಹಾಕಿದರು: ಇನ್ನೂರ ಹನ್ನೆರಡು, ಇನ್ನೂರ ಹನ್ನೆರಡು. ಎರಡೂ ಕಡೆ ಒಂದಿಬ್ಬರು ಸ್ಮಶಾನದಿಂದ ಬಂದು ಹಾಕಿ ಹೋಗಿದ್ದರೆಂಬ ಅನುಮಾನವಿದ್ದರೂ ಸಂಖ್ಯೆ ಸಮ ಇದ್ದುದರಿಂದ ಯಾರೂ ಅಗೆಯಲು ಹೋಗಲಿಲ್ಲ. ಕೊನೆಗೆ ಪಾದ್ರಿ ನಾರ್ಡಾಲ್ ಸೂಚಿಸಿದರು: ಎರಡೂ ಪಂದ್ಯ ಕಣ್ಣಾರೆ ಕಂಡವನು, ಯಾವ ಪಕ್ಷಕ್ಕೂ ಸೇರದವನು ಹಿಲ್ಮರ್. ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವನೇ ಹೇಳಲಿ.

ಆ ವಾರವೆಲ್ಲ ಅವನ ಮನೆಗೆ ಡೆಲ್ಬರ್ಟ್ ಪಕ್ಷದಿಂದ ಸೇಬಿನ ಕಡುಬುಗಳು ಬಂದವು. ಅಡೆಲ್ ಒಂದೊಂದನ್ನೂ ತೆರೆದು ನೋಡಿ, ಕೋಳಿಗೆ ಹಾಕಿದಳು.

"ಹಿಲ್ಮರ್, ನಾನು ಏನೂ ಹೇಳಲ್ಲ," ಎಂದಳು. "ನಿನ್ನ ಮನಸ್ಸಿಗೆ ಬಂದ ಹೆಸರು ಹೇಳು. ಆಮೇಲೆ ಊಟಕ್ಕೆ ಆ ಹೆಸರಿನವರ ಮನೆಗೇ ಹೋಗು. ಅಷ್ಟೇ."

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಜನ ತುಂಬಿ, ಕಾಫಿ ಕೆಟಲಿನ ಉಗಿಗೂ ಜಾಗವಿರಲಿಲ್ಲ. ಹಿಲ್ಮರ್ ಎದ್ದು ನಿಂತ. ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ರೋಲಿನೂ ಅಲ್ಲ, ಡೆಲ್ಬರ್ಟೂ ಅಲ್ಲ," ಎಂದ. "ಅರವತ್ತೊಂದರಲ್ಲಿ ನಾನು ದಿಬ್ಬ ಎತ್ತರ ಮಾಡಿದ್ದೆ. ಅರವತ್ತೆಂಟರಲ್ಲಿ ಗೆರೆ ಓರೆ ಮಾಡಿದ್ದೆ. ಎರಡೂ ನಂದೇ ಕೆಲಸ."

ಪಾದ್ರಿಗಳು ಮೆಲ್ಲಗೆ ಕೇಳಿದರು: "ಅಲ್ಲ ಹಿಲ್ಮರ್, ಅದೇ ದಿಬ್ಬದ ಮೇಲಿಂದ ಬ್ರಾಂಟ್‌ನೋನೂ ಎಸೆದ್ನಲ್ಲಪ್ಪ?"

"ರೋಲಿ ಕೈ ಮೇಲೆತ್ತಿ ಎಸೀತಿದ್ದ, ಪಾದ್ರಿಗಳೇ. ಅವನಿಗೆ ಎತ್ತರ ಅಂದ್ರೆ ತುಪ್ಪ. ಬ್ರಾಂಟ್‌ನೋನು ಸೊಂಟದ ಪಕ್ಕದಿಂದ ಎಸೀತಿದ್ದ. ಅವನು ಇಳಿಜಾರಲ್ಲಿ ಕಾಲು ಹುಡುಕ್ಕೊಂಡೇ ಸೋತ. ಅದನ್ನ ಲೆಕ್ಕ ಹಾಕೇ ಮಾಡಿದ್ದು."

ಮೊದಲು ಬಾಯಿ ತೆರೆದವನು ರೋಲಿ.

"ನಾನು ಮೂವತ್ತು ವರ್ಷದಿಂದ ಬಡ್ಕೊಳ್ತಾ ಇದೀನಿ," ಎಂದು ಅವನು ಮೇಜು ಕುಟ್ಟಿದ. "ಚೆಂಡು ತಾನಾಗೇ ಹಂಗೆ ತಿರುಗುತ್ತೇನ್ರಯ್ಯಾ? ಡೆಲ್ಬರ್ಟಂದು ಬರೀ ಇಳಿಜಾರು. ಈಗ ಇಳಿಜಾರು ಮಾಡಿದೋನೇ ಒಪ್ಕೊಂಡ. ದಿಬ್ಬದ ಮಾತು ಬಿಡಿ. ಅದು ನನ್ನ ತೋಳು. ಭಾವನಿಗೆ ವಯಸ್ಸಾಯ್ತು, ನೆನಪು ಕಲಸಿದೆ."

"ಕಲಸಿದೆಯಂತೆ," ಎಂದ ಡೆಲ್ಬರ್ಟ್, ಇಲ್ಲಿಯೂ ಕಾಫಿ ಕೆಟಲಿನ ಒಲೆಯ ಕಡೆಯಿಂದ. "ದಿಬ್ಬದ ವಿಷ್ಯ ಹಿಲ್ಮರ್ ಹೇಳಿದ್ದು ಅಕ್ಷರ ಅಕ್ಷರ ನಿಜ. ಅದು ದಿಬ್ಬ ಅಲ್ಲ, ಬೆಟ್ಟ. ಅದರ ಮೇಲೆ ನಮ್ಮಜ್ಜೀನ ನಿಲ್ಸಿದ್ರೂ ಇಪ್ಪತ್ತು ಜನಾನ ಕೆಡವ್ತಿದ್ಲು. ಆದ್ರೆ ಗೆರೆ? ಅದು ಮಣಿಕಟ್ಟಿನ ಕೆಲಸ ಕಣಪ್ಪಾ. ಪಾಪ, ಅವನಿಗೇನು ಗೊತ್ತು ಅದು."

ಅಷ್ಟೇ ಸಾಕಾಯಿತು. ರೋಲಿ ಪಕ್ಷದವರು ಗೆರೆಯ ಮಾತನ್ನು ವೇದವಾಕ್ಯವೆಂದೂ ದಿಬ್ಬದ ಮಾತನ್ನು ಅರಳುಮರಳೆಂದೂ ನಂಬಿದರು. ಡೆಲ್ಬರ್ಟ್ ಪಕ್ಷದವರು ತಲೆಕೆಳಗಾಗಿ ನಂಬಿದರು. ನಾನೂರ ಇಪ್ಪತ್ತನಾಲ್ಕು ಜನರಲ್ಲಿ ಒಬ್ಬನೂ ಹಿಲ್ಮರನನ್ನು ಪೂರ್ತಿ ನಂಬಲಿಲ್ಲ, ಒಬ್ಬನೂ ಪೂರ್ತಿ ಅಲ್ಲಗಳೆಯಲಿಲ್ಲ. ಹಳೆಯ ಜಗಳ ಎರಡು ಮರಿ ಹಾಕಿತು. ಗೇಟಿನ ಮೇಲೆ ಕೊನೆಗೆ 'ದಯವಿಟ್ಟು ನಾಯಿಗಳನ್ನು ತರಬೇಡಿ' ಎಂದು ಬರೆಸಿದರು. ಅದಕ್ಕೆ ಎರಡೂ ಪಕ್ಷದ ಒಪ್ಪಿಗೆಯಿತ್ತು.

ಮನೆಯಲ್ಲಿ ಅಡೆಲ್ ಸಾರನ್ನು ಅರ್ಧ ಬಟ್ಟಲು ಬಡಿಸಿದಳು. "ಅರ್ಧ ನಿಜ ಹೇಳಿದ್ದಕ್ಕೆ," ಎಂದಳು.

ಮಾರನೆಯ ಬೆಳಿಗ್ಗೆ ಹಿಲ್ಮರ್ ಮೈದಾನದಲ್ಲಿ ಹುಲ್ಲಿಗೆ ನೀರು ಬಿಡುತ್ತ ನಿಂತಿದ್ದ. ನೀರು ಸುಮ್ಮನೆ ಬೀಳುತ್ತಿತ್ತು, ಅವನ ಗಮನವಿರಲಿಲ್ಲ. ಮೂವತ್ತೈದು ವರ್ಷ ಬಚ್ಚಿಟ್ಟ ಮಾತು ಹೊರಗೆ ಬಿದ್ದು, ಬಿದ್ದಲ್ಲೇ ಸತ್ತಿತ್ತು. ಆಗ ಗೇಟಿನ ಹೊರಗೆ ಒಂದು ಹಳೆಯ ಟ್ರಕ್ ಕೆಮ್ಮುತ್ತ ನಿಂತಿತು. ಇಳಿದವನು ಓತ್ಮಾರ್ ವೀಲ್ಯಾಂಡ್, ಬ್ರಾಂಟ್ ಊರಿನ ಮೈದಾನ ನೋಡಿಕೊಳ್ಳುವವನು, ಹಿಲ್ಮರನಷ್ಟೇ ಮುದುಕ. ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ಬೈಯಲು ಬಂದನೆಂದು ಹಿಲ್ಮರ್ ಕೊಳವೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಓತ್ಮಾರ್ ನಮಸ್ಕಾರವನ್ನೂ ಹೇಳದೆ ಗೆರೆಯ ಬಳಿ ಮಂಡಿಯೂರಿ ಮಣ್ಣು ಮುಟ್ಟಿದ.

"ಜೇಡಿಯಾ?"

"ಎರಡು ಪಾಲು ಜೇಡಿ, ಒಂದು ಪಾಲು ಮರಳು."

"ಅಂಚು ಕಾಣದ ಹಾಗೆ ಹೆಂಗೆ ಮಾಡ್ದೆ?"

"ಒದ್ದೆ ಗೋಣಿ ಎಳೆದೆ. ಮೂರು ಸಲ."

ಓತ್ಮಾರ್ ಅಂಗೈಯಿಂದ ಗೆರೆಯ ಅಂಚನ್ನು ಉದ್ದಕ್ಕೂ ಸವರಿದ. "ಅವತ್ತು ನಾನು ಇಲ್ಲೇ ನಿಂತಿದ್ದೆ ಕಣೋ. ಕಣ್ಣಿಗೆ ಬೀಳ್ಲಿಲ್ಲ," ಎಂದ. ಅವನು ಟೋಪಿ ತೆಗೆದ. ಹಿಲ್ಮರ್ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ.

"ಗೆರೆ ಕೆಲಸ ಬಹಳ ದೊಡ್ಡದು," ಎಂದು ಓತ್ಮಾರ್ ಮುಂದುವರಿಸಿದ. "ದಿಬ್ಬ ಅಷ್ಟಿಲ್ಲ ಬಿಡು. ಬುಟ್ಟೀಲಿ ಮಣ್ಣು ಹೊತ್ರಾಯ್ತು. ಕತ್ತೆ ಕೆಲಸ."

"ಏನಂದೆ?" ಎಂದ ಹಿಲ್ಮರ್.

"ಎರಡೂ ಸೇರಿದ್ರೂ ಅರವತ್ತನಾಲ್ಕರಲ್ಲಿ ನಮ್ಮೂರಲ್ಲಿ ನಾನು ಮಾಡಿದ್ದಕ್ಕೆ ಸಮ ಇಲ್ಲ. ಬೇಸಿಗೆ ಓಡೋ ದಾರೀಗೆ ಬೆಳಗಿಂದ ಹನಿ ಹನಿ ನೀರು. ಮೇಲೆ ಒಣಮಣ್ಣು ಉದುರಿಸಿದ್ದೆ. ನಿಮ್ಮ ಡೆಲ್ಬರ್ಟನ ಕಾಲು ಬೇಸ್ ಮುಟ್ತು, ಬೂಟು ಹಿಂದೆ ಕೆಸರಲ್ಲೇ ಉಳೀತು."

"ಆ ಬೂಟು ಅಗೆದು ತೆಗೆದೋನು ನಾನು. ಸಲಿಕೆಗೆ ಕಪ್ಪೆ ಬಂತು. ಆವಾಗ್ಲೇ ಅಂದ್ಕೊಂಡೆ, ಇದು ಮಳೆ ಅಲ್ಲ ಅಂತ. ಆದ್ರೆ ನೀರು ಬಿಡೋದೂ ಒಂದು ಕೆಲಸಾನಾ? ನೀರು ತಾನೇ ಹರಿಯುತ್ತೆ. ದಿಬ್ಬ ತಾನೇ ಏರುತ್ತಾ?"

"ಹನಿ ಲೆಕ್ಕ ಹಿಡಿದು ನೋಡು, ಆಮೇಲೆ ಮಾತಾಡು."

ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಅಡೆಲ್ ಗೇಟಿನಲ್ಲೇ ನಿಂತುಬಿಟ್ಟಳು. ಇಬ್ಬರು ಮುದುಕರು ದಿಬ್ಬದ ಮೇಲೆ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಮಣ್ಣಿನಲ್ಲಿ ಚಿತ್ರ ಬರೆದು, ಒಬ್ಬರ ಚಿತ್ರ ಇನ್ನೊಬ್ಬರು ಅಳಿಸುತ್ತಿದ್ದರು. ವರ್ಷಕ್ಕೆ ನೂರು ಮಾತಾಡದ ಗಂಡನ ದನಿ ಆಚೆಯ ಜೋಳದ ಹೊಲದವರೆಗೆ ಕೇಳುತ್ತಿತ್ತು.

"ಹಿಲ್ಮರ್, ಊಟ."

"ಒಂದ್ನಿಮಿಷ ತಾಳು," ಎಂದ ಅವನು ತಲೆಯೆತ್ತದೆ. "ಇವನಿಗೆ ಅರವತ್ತೊಂದು ಅಂದ್ರೇನು ಅಂತ ತಿಳಿಸಿ ಬರ್ತೀನಿ."

ಅಡೆಲ್ ಮನೆಗೆ ಹೋಗಿ ಸಾರಿಗೆ ಇನ್ನೊಬ್ಬರ ಪಾಲಿನ ನೀರು ಹೊಯ್ದಳು.