ರಸ್ತೆ ಏರಿದಂತೆ ಇಳಿದ ಮನೆ

ಜೆ.ಪಿ. ನಗರದಿಂದ ಪುಟ್ಟೇನಹಳ್ಳಿ ಕೆರೆಯ ಕಡೆಗೆ ಇಳಿಯುವ ಅಡ್ಡರಸ್ತೆಗಳಲ್ಲಿ ನಮ್ಮದೂ ಒಂದು. ಮೇಲಿನಿಂದ ನೋಡಿದರೆ ಇಳಿಜಾರು ಅಷ್ಟಾಗಿ ಗೊತ್ತಾಗುವುದಿಲ್ಲ. ಮಳೆ ಬಂದಾಗ ಮಾತ್ರ ಗೊತ್ತಾಗುತ್ತದೆ. ಎಲ್ಲರ ಮನೆಯ ಮುಂದಿನ ನೀರೂ ಒಂದೇ ಕಡೆಗೆ ಹರಿಯುತ್ತದೆ, ರಸ್ತೆಯ ಕೊನೆಯ ಮನೆಗೆ.

ಆ ಕೊನೆಯ ಮನೆಯಲ್ಲಿ ಹಿಟ್ಟಿನ ಗಿರಣಿ ಇತ್ತು. ದಾವಣಗೆರೆ ಕಡೆಯಿಂದ ಬಂದ ಗಂಡ ಹೆಂಡತಿ ಅದನ್ನು ನಡೆಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಗಂಡನದು ಮಾತು ಕಡಿಮೆ, ಹಣೆಯ ವಿಭೂತಿಯ ಮೇಲೂ ಹಿಟ್ಟು ಕೂತಿರುತ್ತಿತ್ತು. ಹೆಂಡತಿ ಎಲ್ಲರನ್ನೂ ಮಾತನಾಡಿಸುವವರು. ಅವರನ್ನು ನಾವೆಲ್ಲ ಗಿರಣಿಯಕ್ಕ ಎನ್ನುತ್ತಿದ್ದೆವು. ಹುಳಿಪುಡಿಗೆ ಯಾರ ಮನೆಯವರು ಮೆಣಸಿನಕಾಯಿ ಜಾಸ್ತಿ ಹಾಕುತ್ತಾರೆ, ಯಾರ ಮನೆಯಲ್ಲಿ ರಾಗಿ ತಿನ್ನುವುದು ನಿಂತಿದೆ, ಎಲ್ಲವೂ ಅವರಿಗೆ ಗೊತ್ತಿತ್ತು.

ಅವರು ಮನೆ ಕಟ್ಟಿಸಿದಾಗ ರಸ್ತೆಯಿಂದ ಮೆಟ್ಟಿಲು ಹತ್ತಿಯೇ ಗಿರಣಿಗೆ ಹೋಗಬೇಕಿತ್ತು. ನನ್ನ ಮಗಳು ಚಿಕ್ಕವಳಿದ್ದಾಗ ಆ ಮೆಟ್ಟಿಲ ಮೇಲೆ ಕೂತು, ಹಿಟ್ಟಾಗುವ ತನಕ ಕಾಲು ಆಡಿಸುತ್ತಿದ್ದಳು. ಆಮೇಲೆ ಚುನಾವಣೆ ಹತ್ತಿರವಾದಾಗಲೆಲ್ಲ ಹಳೆಯ ಡಾಂಬರಿನ ಮೇಲೆಯೇ ಹೊಸ ಡಾಂಬರು ಬಿತ್ತು. ಹಳೆಯದನ್ನು ಕೆರೆದು ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ. ರಸ್ತೆ ಏರುತ್ತಾ ಹೋಯಿತು, ಮೆಟ್ಟಿಲುಗಳು ಅದರೊಳಗೆ ಹೂತುಹೋದವು. ಕೊನೆಗೆ ಅವರ ಹೊಸ್ತಿಲೂ ರಸ್ತೆಯೂ ಒಂದೇ ಮಟ್ಟಕ್ಕೆ ಬಂದು ನಿಂತವು.

ಆಮೇಲೆ ನೀರಿನ ಪೈಪಿಗೆಂದು ರಸ್ತೆ ಅಗೆದರು. ಪೈಪು ಹಾಕಿ ಮಣ್ಣು ಮುಚ್ಚಿ ಹೋದವರು ತಿರುಗಿ ಬರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣು ಕುಸಿದು ಉದ್ದಕ್ಕೂ ಹಳ್ಳ ಬಿತ್ತು. ಹಾಲಿನವನು ಬೈಕನ್ನು ಮೇಲಿನ ತಿರುವಿನಲ್ಲೇ ನಿಲ್ಲಿಸಿ ನಡೆದು ಬರುತ್ತಿದ್ದ. ನಮ್ಮ ಎದುರು ಮನೆಯ ಮೇಷ್ಟ್ರ ಕಷ್ಟ ಎಲ್ಲರಿಗಿಂತ ಹೆಚ್ಚು. ಅವರ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ. ಡಯಾಲಿಸಿಸ್‌ಗೆಂದು ವಾರದಲ್ಲಿ ಹಲವು ಸಲ ಜಯನಗರದ ಆಸ್ಪತ್ರೆಗೆ ಹೋಗಬೇಕು. ಆಟೋದವರು ಕ್ರಾಸಿನ ತನಕ ಬಂದು, ರಸ್ತೆ ನೋಡಿ, "ಒಳಗೆ ಬರಲ್ಲ ಸಾರ್" ಎಂದು ಅಲ್ಲೇ ನಿಲ್ಲುತ್ತಿದ್ದರು. ಮೇಷ್ಟ್ರು ಹೆಂಡತಿಯ ತೋಳು ಹಿಡಿದು, ಹಳ್ಳ ತಪ್ಪಿಸಿಕೊಂಡು ನಿಧಾನವಾಗಿ ಮೇಲಕ್ಕೆ ನಡೆಸುತ್ತಿದ್ದರು. ಬರುವಾಗ ಆಕೆಗೆ ನಡೆಯುವ ಶಕ್ತಿಯೂ ಇರುತ್ತಿರಲಿಲ್ಲ. ಯಾರದೋ ಕಾಂಪೌಂಡಿನ ಕಟ್ಟೆಯ ಮೇಲೆ ಸ್ವಲ್ಪ ಕೂತು, ಮತ್ತೆ ಏಳುತ್ತಿದ್ದರು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ರಸ್ತೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು, ಕನ್ನಡದಲ್ಲಿ ನೆಟ್ಟಗೆ ಅರ್ಜಿ ಬರೆಯುತ್ತೇನೆ ಎಂಬ ಕಾರಣಕ್ಕೆ. ಮೂಲೆ ಮನೆಯ ಯಜಮಾನರು, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು, ಅಧ್ಯಕ್ಷರು. ನಾವಿಬ್ಬರೂ ವಾರ್ಡ್ ಕಚೇರಿಗೆ ಹೋದೆವು.

ಅಲ್ಲಿನ ಇಂಜಿನಿಯರು ಚಿಕ್ಕ ವಯಸ್ಸಿನವರು. ನಿದ್ದೆಗೆಟ್ಟ ಮುಖ. ನಮ್ಮನ್ನು ಕೂರಿಸಿ, ಟೀ ತರಿಸಿ, ನಮ್ಮ ಅರ್ಜಿಯನ್ನು ಪೂರ್ತಿ ಓದಿದರು.

"ಮೇಡಂ, ನಿಮ್ ರಸ್ತೇಲಿ ಕೆಳಗಿನರ್ಧ ರೆವಿನ್ಯೂ ಸೈಟುಗಳು, ಲೇಔಟ್ ಅಪ್ರೂವಲ್ ಇಲ್ದೆ ಹೊಲದಲ್ಲಿ ಮಾಡಿದ್ದು. ಸುಮಾರು ಜನ ಬೆಟರ್‌ಮೆಂಟ್ ಚಾರ್ಜೇ ಕಟ್ಟಿಲ್ಲ. ಅಂಥಾ ಕಡೆ ನಾನು ಎಸ್ಟಿಮೇಟ್ ಹಾಕಿದ್ರೆ ಆಡಿಟ್‌ನಲ್ಲಿ ನನ್ನ ಕುತ್ತಿಗೆ ಹಿಡೀತಾರೆ."

ಬೆಟರ್‌ಮೆಂಟ್ ಚಾರ್ಜು ಎಂದರೆ ರಸ್ತೆ, ಚರಂಡಿ ಮುಂತಾದ ಸೌಕರ್ಯಗಳಿಗಾಗಿ ಸೈಟಿನ ಅಳತೆಗೆ ತಕ್ಕಂತೆ ಮಾಲೀಕರು ಪಾಲಿಕೆಗೆ ಕಟ್ಟಬೇಕಾದ ಶುಲ್ಕ. ಇಲ್ಲದ ರಸ್ತೆಗೆ ಶುಲ್ಕ ಯಾಕೆ ಕಟ್ಟಬೇಕು ಎಂದು ಜನ ಕಟ್ಟಿರಲಿಲ್ಲ. ಶುಲ್ಕ ಕಟ್ಟದವರಿಗೆ ರಸ್ತೆ ಯಾಕೆ ಎಂದು ಪಾಲಿಕೆ ಕೇಳುತ್ತಿತ್ತು. ನಾವು ಮನೆಮನೆಗೆ ಹೋಗಿ ಹೇಳಿದೆವು. ಮೊದಲು ಹೋಗಿ ಕಟ್ಟಿ ಬಂದವರು ಗಿರಣಿಯವರೇ.

"ರಸ್ತೆ ಮಾಡ್ತಾರೆ ಅಂದ್ಮ್ಯಾಲೆ ನೀರು ಹೋಗಾಕೂ ಒಂದು ದಾರಿ ಮಾಡ್ತಾರಲ್ರೀ ಮೇಡಂ," ಎಂದರು ಗಿರಣಿಯಕ್ಕ.

ಗೊಣಗುತ್ತಲೇ ಉಳಿದವರೂ ಕಟ್ಟಿದರು. ಎಸ್ಟಿಮೇಟ್ ಆಯಿತು, ಮಂಜೂರೂ ಆಯಿತು. ಇಂಜಿನಿಯರು ತಾವೇ ಫೋನ್ ಮಾಡಿ ತಿಳಿಸಿದರು. ಹಳ್ಳಗಳಿಗೆ ಜಲ್ಲಿ ತುಂಬಿ, ಇರುವ ರಸ್ತೆಯ ಮೇಲೆ ಇನ್ನೊಂದು ಪದರ ಡಾಂಬರು. ಅಷ್ಟೇ.

ಈ ಸಲ ಗಿರಣಿಯಕ್ಕನೂ ನಮ್ಮ ಜೊತೆ ಕಚೇರಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸಾರ್, ಇನ್ನೊಂದು ಪದ್ರ ಬಿತ್ತಂದ್ರೆ ನಮ್ಮನೆ ಗುಂಡಿ ಆಗ್ತೈತ್ರಿ. ಮೋಟ್ರು ನೆಲದಾಗೆ ಕೂಡ್ಸೀವಿ. ಹಳೇದನ್ನ ಕೆರೆದು ತೆಗ್ದು ಹಾಕ್ಸಿಕೊಡ್ರಿ."

"ಅಮ್ಮಾ, ಆ ಐಟಂ ಈ ಎಸ್ಟಿಮೇಟ್‌ನಲ್ಲಿ ಇಲ್ಲ. ಕೆರೆಯೋಕೆ ಬೇರೆ ಮಿಷನ್ ಬರ್ಬೇಕು. ಅದೆಲ್ಲ ಮೇನ್ ರೋಡ್‌ಗಳಿಗೆ ಮಾತ್ರ ಕೊಡ್ತಾರೆ."

"ಅದರ ಖರ್ಚು ನಾವೇ ಹಾಕ್ಕೊಂಡ್ರೆ?" ಎಂದು ನಾನು ಕೇಳಿದೆ.

ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಯೋಚಿಸಿದರು. "ರಸ್ತೆಯವರೆಲ್ಲ ಒಪ್ಪಿ ಸೈನ್ ಮಾಡಿ ಕೊಡಿ ಮೇಡಂ. ಮೇಲೆ ಕೇಳಿ ನೋಡ್ತೀನಿ."

ಭಾನುವಾರ ಬೆಳಗ್ಗೆ ಅಧ್ಯಕ್ಷರ ಕಾರ್ ಶೆಡ್ಡಿನಲ್ಲಿ ಸಭೆ ಸೇರಿತು. ಕಾರು ಹೊರಗೆ ನಿಲ್ಲಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಖರ್ಚನ್ನು ಹಂಚುವುದು ಹೇಗೆ ಎಂಬುದರಿಂದ ಜಗಳ ಶುರುವಾಯಿತು. ಸೈಟಿನ ಅಳತೆಯ ಮೇಲೆ ಎಂದರು ಕೆಲವರು. ರಸ್ತೆಗೆ ತಾಗುವ ಗೋಡೆಯ ಉದ್ದದ ಮೇಲೆ ಎಂದರು ಇನ್ನು ಕೆಲವರು. ಅಧ್ಯಕ್ಷರದು ಮೂಲೆ ಮನೆ, ಎರಡು ಕಡೆ ಗೋಡೆ, ಅವರ ಮುಖ ಕೆಂಪಾಯಿತು. ಬಾಡಿಗೆಗೆ ಹುಡುಗರನ್ನಿಟ್ಟುಕೊಂಡು ಪಿ.ಜಿ. ನಡೆಸುವವರನ್ನು ತೋರಿಸಿ, "ಇವ್ರ ಹುಡುಗ್ರದ್ದೇ ಅಷ್ಟು ಬೈಕ್ ಓಡಾಡುತ್ತೆ, ಇವ್ರು ಜಾಸ್ತಿ ಕೊಡ್ಲಿ" ಎಂದು ಒಬ್ಬರು ಕೂಗಿದರು. "ಬೈಕ್ ಲೆಕ್ಕ ಹಾಕೋದಾದ್ರೆ ನಿಮ್ಮನೇಲಿ ಎರಡು ಕಾರಿದೆ, ಅದನ್ನೂ ಹಾಕಿ" ಎಂದರು ಪಿ.ಜಿ.ಯವರು.

ಮೇಲಿನ ತುದಿಯ ಮನೆಯವರೊಬ್ಬರು ಸಮಾಧಾನವಾಗಿಯೇ ಹೇಳಿದರು: "ಬೇಜಾರ್ ಮಾಡ್ಕೋಬೇಡಿ. ಕೆರೆದ್ರೂ ನಂಗೊಂದೇ, ಕೆರೀದಿದ್ರೂ ಒಂದೇ. ತಗ್ಗಲ್ಲಿ ಮನೆ ಕಟ್ಟಿದ್ದು ಅವ್ರು. ನಾವ್ಯಾಕೆ ಕೊಡ್ಬೇಕು?"

ಗಿರಣಿಯಕ್ಕ ಹಿಂದಿನ ಸಾಲಿನಲ್ಲಿದ್ದರು. ಎದ್ದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನಾವು ತಗ್ಗಿನಾಗೆ ಕಟ್ಟಿಲ್ರೀ ಅಣ್ಣಾ. ಎತ್ತರದಾಗೇ ಕಟ್ಟಿದ್ವಿ. ನಿಮ್ಮ ತಾಯಿ ಇದ್ದಾಗ, ಮೆಟ್ಲು ಹತ್ತಾಕಾಗಲ್ಲ ಅಂತ ಡಬ್ಬಿ ಕೆಳಗೇ ಇಡೋರು, ನಾನೇ ಇಳಿದು ಬಂದು ತಗೊಂಡ್ ಹೋಗ್ತಿದ್ದೆ."

ಆ ಮನೆಯವರು ತಲೆ ತಗ್ಗಿಸಿದರು. ಆಮೇಲೆ ಸೈಟಿನ ಅಳತೆಯ ಮೇಲೆ ಹಂಚಿಕೊಳ್ಳುವುದೆಂದು ಮಾತಾಯಿತು. ಒಪ್ಪದ ಒಂದಿಬ್ಬರ ಮನೆಗೆ ಸಂಜೆ ಸಂಜೆ ಹೋಗಿ ನಾನು ಕೂತೆ. ಅವರ ಟಿ.ವಿ. ಧಾರಾವಾಹಿ ಮುಗಿಯುವ ತನಕ ಕಾದೆ. ಮಾವಿನಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಎಲ್ಲರ ಸಹಿಯೂ ಬಂತು. ಅಷ್ಟು ಜನರನ್ನು ಒಂದು ಮಾತಿಗೆ ತಂದೆವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಇಂಜಿನಿಯರು ಸಹಿಗಳನ್ನು ನೋಡಿದರು. ಟೀ ತರಿಸಲಿಲ್ಲ.

"ಮೇಡಂ, ನಾನು ಮೇಲೆ ಕೇಳ್ದೆ. ಆಗಲ್ಲ ಅಂದ್ರು. ಜನರ ಕೈಯಿಂದ ಹೀಗೆ ದುಡ್ಡು ತಗೊಳ್ಳೋಕೆ ನಮ್ಮಲ್ಲಿ ಅಕೌಂಟ್ ಹೆಡ್ಡೇ ಇಲ್ಲ. ಯಾವ ಲೆಕ್ಕಕ್ಕೆ ಜಮಾ ಮಾಡ್ಲಿ?"

"ಬೆಟರ್‌ಮೆಂಟ್ ಚಾರ್ಜ್ ತಗೊಂಡ್ರಲ್ಲ?" ಎಂದೆ ನಾನು.

"ಅದಕ್ಕೆ ಹೆಡ್ ಇದೆ."

"ಹಾಗಾದ್ರೆ ನಾವೇ ಮಿಷನ್ ತರಿಸಿ ಕೆರೆಸ್ತೀವಿ. ನೀವು ಆಮೇಲೆ ಡಾಂಬರು ಹಾಕಿ," ಎಂದರು ಅಧ್ಯಕ್ಷರು.

"ಪಾಲಿಕೆ ರಸ್ತೆ ಸಾರ್ ಅದು. ಪರ್ಮಿಷನ್ ಇಲ್ದೆ ಮುಟ್ಟಿದ್ರೆ ನಾನೇ ನಿಮ್ಮೇಲೆ ಕೇಸ್ ಹಾಕ್ಬೇಕಾಗುತ್ತೆ." ಹೇಳುವಾಗ ಅವರ ದನಿ ಇಳಿದಿತ್ತು. "ಈ ಕೆಲಸ ಬೇಡ ಅಂತ ಬರ್ಕೊಟ್ರೆ ಗ್ರಾಂಟ್ ವಾಪಸ್ ಹೋಗುತ್ತೆ. ಮತ್ತೆ ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ. ನೀವೇ ಯೋಚನೆ ಮಾಡಿ."

ಅವರ ಮೇಲೆ ಸಿಟ್ಟು ಮಾಡಬೇಕೆಂದುಕೊಂಡೆ. ಸಿಟ್ಟೂ ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಮೇಲಿನ ಅಧಿಕಾರಿಗಳನ್ನೇ ಕಾಣಲು ಹೋದೆವು. ಅಷ್ಟರಲ್ಲಿ ಇದ್ದ ಒಂದು ಪಾಲಿಕೆ ಹಲವು ಪಾಲಿಕೆಗಳಾಗಿ ಒಡೆದು, ಯಾವ ಕಡತ ಯಾವ ಕಟ್ಟಡದಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಅರ್ಜಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆವು.

ಅದಕ್ಕೆ ಉತ್ತರ ಬರುವ ಮೊದಲೇ ಒಂದು ಬೆಳಗ್ಗೆ ರೋಲರ್ ಬಂತು. ನಾನು ಕಾಲೇಜಿಗೆ ಹೊರಟು ಗೇಟಿನ ಹತ್ತಿರ ಬಂದಿದ್ದೆ. ಬಿಸಿ ಡಾಂಬರಿನ ವಾಸನೆ, ಹೊಗೆ, ಲಾರಿ. ಕೆಲಸದವರು ಮೇಲಿನ ತುದಿಯಿಂದ ಹಾಕುತ್ತಾ ಬರುತ್ತಿದ್ದರು. ಇಂಜಿನಿಯರಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜ್ ಬಂತು. ರಸ್ತೆಯ ನಡುವೆ ಗಿರಣಿಯಕ್ಕ ನಿಂತಿದ್ದರು, ಲಾರಿಗೆ ಅಡ್ಡವಾಗಿ. ಅವರ ಯಜಮಾನರು ಹೊಸ್ತಿಲಲ್ಲಿ ನಿಂತು, "ಬಾ ಈ ಕಡೆ" ಎಂದು ಮೆಲ್ಲಗೆ ಕರೆಯುತ್ತಿದ್ದರು. ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಹೋಗಿ ಅವರ ಪಕ್ಕ ನಿಂತೆ.

ಮೇಸ್ತ್ರಿ ಬಂದು, "ಅಕ್ಕಾ, ಡಾಂಬರು ಆರೋಗುತ್ತೆ. ನಿಲ್ಸಿದ್ರೆ ಬೇರೆ ರಸ್ತೆಗೆ ತಗೊಂಡೋಗ್ತೀನಿ ಅಷ್ಟೇ" ಎಂದ. ಜನ ಸೇರಿದರು. ಸಹಿ ಹಾಕಿದವರೇ. ಯಾರೂ ಬೈಯಲಿಲ್ಲ. ಗಿರಣಿಯಕ್ಕನ ಜೊತೆ ಬಂದು ನಿಲ್ಲಲೂ ಇಲ್ಲ.

ಆಗ ಮೇಷ್ಟ್ರು ಗೇಟು ತೆಗೆದು ಹೊರಗೆ ಬಂದರು. ಅವತ್ತು ಆಸ್ಪತ್ರೆಗೆ ಹೋಗುವ ದಿನ. ಅವರ ಹೆಂಡತಿ ಸ್ವೆಟರ್ ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಪಾದಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಮೇಷ್ಟ್ರು ಗಿರಣಿಯಕ್ಕನ ಮುಂದೆ ಬಂದು ಕೈ ಮುಗಿದರು.

"ಅಮ್ಮಾ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಆದ್ರೆ ಇನ್ನೊಂದು ಮಳೆಗಾಲ ಇವಳನ್ನ ನಡೆಸೋಕೆ ನನ್ನ ಕೈಲಿ ಆಗಲ್ಲ. ಮೊನ್ನೆ ಹಳ್ಳದ ಹತ್ರ ಬಿದ್ಬಿಟ್ಲು. ಬಿಟ್ಬಿಡಿ ಅಮ್ಮಾ."

ಗಿರಣಿಯಕ್ಕ ಅವರ ಮುಗಿದ ಕೈ ನೋಡಿದರು. ಆಮೇಲೆ ಜಗಲಿಯ ಕಡೆ ನೋಡಿದರು. "ಕೈ ಮುಗೀಬ್ಯಾಡ್ರೀ ಮೇಷ್ಟ್ರೇ, ನೀವು ದೊಡ್ಡೋರು" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು. ನನ್ನ ಮುಖ ನೋಡಲಿಲ್ಲ. ನೇರವಾಗಿ ಮನೆಯೊಳಗೆ ಹೋಗಿ ಗಿರಣಿಯ ಸ್ವಿಚ್ ಹಾಕಿದರು. ರೋಲರಿನ ಸದ್ದಿನ ಜೊತೆಗೆ ಗಿರಣಿಯ ಸದ್ದೂ ಕೇಳಿಸುತ್ತಿತ್ತು. ನಾನು ಇನ್ನೂ ಅಲ್ಲೇ ನಿಂತಿದ್ದೆ. ಮೇಸ್ತ್ರಿ, "ಮೇಡಂ, ಸ್ವಲ್ಪ ಸೈಡು" ಎಂದ. ಸರಿದೆ.

ಸಂಜೆ ಬಂದು ನೋಡಿದರೆ ರಸ್ತೆ ಚೆಂದವಾಗಿತ್ತು, ಸುಳ್ಳು ಹೇಳಲಾರೆ. ಮಕ್ಕಳು ಸೈಕಲ್ ತಂದಿದ್ದರು. ಗಿರಣಿಯ ಬಾಗಿಲಿಗೆ ಬಂದವರು ಕೆಳಕ್ಕೆ ಇಳಿದು ಒಳಗೆ ಹೋಗುತ್ತಿದ್ದರು.

ಮೊದಲ ಜೋರು ಮಳೆ ಮಧ್ಯಾಹ್ನ ಬಂತು. ಇಡೀ ರಸ್ತೆಯ ನೀರು ಅವರ ಬಾಗಿಲಿಗೆ ನುಗ್ಗಿತು. ಹಿಟ್ಟು ನೀರಿನಲ್ಲಿ ಕಲಸಿ ಅಂಟಂಟಾಗಿ ಗೋಡೆಗೆ ಮೆತ್ತಿಕೊಂಡಿತ್ತು. ಮೋಟರು ಸುಟ್ಟಿತ್ತು. ಜನರ ಡಬ್ಬಿಗಳು ತೇಲುತ್ತಿದ್ದವು, ಮುಚ್ಚಳದ ಮೇಲೆ ಬರೆದ ಮನೆ ನಂಬರುಗಳ ಸಮೇತ. ಗಿರಣಿಯವರು ಬಾಗಿಲಿಗೆ ಕಲ್ಲಿನ ಅಡ್ಡಗಟ್ಟೆ ಕಟ್ಟಿಸಿದರು. ಅದನ್ನು ದಾಟಿ ಇಳಿಯುವುದು ವಯಸ್ಸಾದವರಿಗೆ ಆಗಲಿಲ್ಲ, ಬರುವವರು ಕಡಿಮೆಯಾದರು. ಜಾಕ್ ಕೊಟ್ಟು ಮನೆಯನ್ನೇ ಎತ್ತುವವರನ್ನು ಕರೆಸಿದರು. ಅವರು ಬಂದು ಸುತ್ತ ನೋಡಿ, ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ, ಎತ್ತಿದರೆ ಎರಡೂ ಬಿರುಕು ಬಿಡುತ್ತವೆ ಎಂದು ಹೇಳಿ ಹೋದರು. ಕೊನೆಗೆ ಗಿರಣಿಯನ್ನು ಟೆಂಪೋದಲ್ಲಿ ಹೇರಿ ಅರೆಕೆರೆಯ ಒಂದು ಬಾಡಿಗೆ ಅಂಗಡಿಗೆ ಸಾಗಿಸಿದರು. ಸಂಸಾರ ಮಾತ್ರ ಹಿಂದಿನ ಕೋಣೆಗಳಲ್ಲೇ ಉಳಿಯಿತು. ಆ ಮನೆಯನ್ನು ಕೊಳ್ಳುವವರು ಯಾರು?

ಈಗ ಹಗಲೆಲ್ಲ ಅವರಿಬ್ಬರೂ ಅರೆಕೆರೆಯಲ್ಲಿರುತ್ತಾರೆ. ಬೀಗದ ಕೈ ನನ್ನ ಹತ್ತಿರ. ಮೋಡ ಕಟ್ಟಿದರೆ ಹೋಗಿ ಬಾಗಿಲಿಗೆ ಮರಳಿನ ಚೀಲ ಇಡಬೇಕು. ನಾನು ಹೊರಟಿದ್ದು ಕಂಡರೆ ಮೇಷ್ಟ್ರೂ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಾರೆ. ನಾನು ಕರೆದವಳಲ್ಲ, ಅವರೂ ಯಾಕೆ ಬರುತ್ತೇನೆಂದು ಹೇಳಿಲ್ಲ.

ಕಳೆದ ವಾರ ಚೀಲಗಳು ನಿಲ್ಲಲಿಲ್ಲ. ಅಡಿಯಿಂದ ನೀರು ನುಗ್ಗಿ ಅಡುಗೆಮನೆಯ ತನಕ ಹೋಯಿತು. ನಾವಿಬ್ಬರೂ ಪೊರಕೆಯಲ್ಲಿ ಹಿಂದಕ್ಕೆ ತಳ್ಳಿದಷ್ಟೂ ಅದು ತಿರುಗಿ ಒಳಗೇ ಬರುತ್ತಿತ್ತು. ಅಷ್ಟರಲ್ಲಿ ಗಿರಣಿಯಕ್ಕನ ಫೋನ್ ಬಂತು.

"ಎಷ್ಟು ಬಂದೈತ್ರಿ ಮೇಡಂ?"

"ಪಾದ ಮುಳುಗೋಷ್ಟು."

"ಅಕ್ಕಿ ಡಬ್ಬ ಮಂಚದ ಮ್ಯಾಲೆ ಎತ್ತಿಟ್ಟು ನೀವು ಮನೆಗೆ ಹೋಗ್ರಿ. ಸಂಜಿಗೆ ಬಂದು ನಾವು ನೋಡ್ಕೋತೀವಿ."

ನಾವು ಹೋಗಲಿಲ್ಲ. ಅಕ್ಕಿ ಡಬ್ಬ, ಕುಕ್ಕರು, ದೇವರ ಪಟ ಎಲ್ಲವನ್ನೂ ಮಂಚದ ಮೇಲೆ ಎತ್ತಿಟ್ಟೆವು. ಉಳಿದ ಜಾಗದಲ್ಲಿ ಮೇಷ್ಟ್ರು ಒಂದು ತುದಿಗೆ, ನಾನು ಒಂದು ತುದಿಗೆ, ಕಾಲು ಮೇಲೆ ಮಡಚಿಕೊಂಡು ಕೂತು ಮಳೆ ನಿಲ್ಲುವುದನ್ನು ಕಾದೆವು.