ಬೋಗುಣಿಯಲ್ಲಿ ಮಾವನ ದೋಣಿ

ನನ್ನ ಬಾಯಿ ಜೋರು ಎಂದು ಮುರ್ಡೇಶ್ವರದ ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವತ್ತು ನಾನು ಕೂಗಿದ್ದು ಕಡಲ ದಂಡೆಯ ತನಕ ಕೇಳಿತಂತೆ. ಕೇಳಲಿ. ಕೂಗುವಂಥದ್ದೇ ಆಗಿತ್ತು.

ಮನೆಯ ಹಿಂದಿನ ಚಪ್ಪರದಲ್ಲಿ ನಾನು ಚಿತ್ರದ ಟೈಲ್ ಮಾಡುತ್ತೇನೆ. ಯಾರಾದರೂ ಬರೆದ ಚಿತ್ರವನ್ನು ಸ್ಕ್ಯಾನ್ ಮಾಡಿಸಿ ಕಳಿಸಿದರೆ, ಸುಟ್ಟರೂ ಹೋಗದ ಬಣ್ಣದಲ್ಲಿ ಒಂದು ಬಗೆಯ ಹಾಳೆಯ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ಆ ಹಾಳೆಯನ್ನು ಬೋಗುಣಿಯ ನೀರಲ್ಲಿ ನೆನೆಸಿದರೆ ಚಿತ್ರ ತೆಳ್ಳಗಿನ ಪೊರೆಯಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ಟೈಲಿನ ಮೇಲೆ ಮೆಲ್ಲಗೆ ಜಾರಿಸಿ, ಅಡಿಯ ನೀರು ಗಾಳಿ ಒತ್ತಿ ತೆಗೆದು, ಒಣಗಿಸಿ, ಕರೆಂಟಿನ ಭಟ್ಟಿಯಲ್ಲಿ ಸುಡುವುದು. ಈ ನೆನೆಸುವ ಕೆಲಸ ನೋಡುವುದೆಂದರೆ ನಮ್ಮ ಅತ್ತೆಗೆ ಎಲ್ಲಿಲ್ಲದ ಖುಷಿ. ಅಡುಗೆ ಬಿಟ್ಟು ಬಂದು ಕೂರುತ್ತಾರೆ.

ಮಾವ ದೋಣಿಗಳಿಗೆ ಬಣ್ಣ ಹಚ್ಚುತ್ತಿದ್ದವರು. ದೋಣಿಯ ಮೂತಿಯ ಮೇಲೆ ಹೂವು, ಮೀನು, ಹೆಸರು, ಎಲ್ಲ ಅವರ ಕೈಯದ್ದೇ. ಬರೆದದ್ದೆಲ್ಲ ಕಡಲಿಗೆ ಹೋಗಿ ಉಪ್ಪು ತಿಂದು ಮುಗಿಯಿತು, ಮನೆಯಲ್ಲಿ ಒಂದೂ ಉಳಿಯಲಿಲ್ಲ. ಸ್ವಂತ ದೋಣಿ ಮಾರಿದಾಗ ಮಾತ್ರ, ಏನನ್ನಿಸಿತೋ, ಒಂದು ದಪ್ಪ ಹಾಳೆಯ ಮೇಲೆ ಅದರ ಚಿತ್ರ ಬರೆದಿಟ್ಟರು. ಆಮೇಲೆ ಪಾರ್ಶ್ವವಾಯು ಬಡಿದು ಬಲಗೈ ನಡುಗತೊಡಗಿತು. ಬ್ರಶ್ ಕೊಟ್ಟರೆ, "ನಂದೆಲ್ಲ ಆತು" ಎಂದು ಮುಖ ತಿರುಗಿಸುತ್ತಿದ್ದರು. ಹಾಗಾಗಿ ಆ ಹಾಳೆ ಹೋದರೆ ಹೋಯಿತು, ಇನ್ನೊಂದು ಹುಟ್ಟುವುದಿಲ್ಲ.

ಅದನ್ನು ಟೈಲ್ ಮಾಡಿ ಬಾಗಿಲ ಪಕ್ಕ ಕೂರಿಸುವ ಆಸೆ ನನ್ನದು. ಮೊಬೈಲಿನಲ್ಲಿ ತೆಗೆದ ಫೋಟೊ ಟೈಲಿಗೆ ಸಾಲದು, ಮಂಜು ಮಂಜು. ಮರುದಿನ ಕುಮಟಾಕ್ಕೆ ಒಯ್ದು ಸ್ಕ್ಯಾನ್ ಮಾಡಿಸಬೇಕೆಂದು ಹಾಳೆಯನ್ನು ಚಪ್ಪರದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅತ್ತೆ ಬೋಗುಣಿಯ ಮುಂದೆ ಕೂತಿದ್ದಾರೆ. ನೀರೊಳಗೆ ಮಾವನ ದೋಣಿ.

"ಅಯ್ಯೋ ದೇವ್ರೇ! ಎಂತ ಮಾಡಿದ್ರಿ ಅತ್ತೆ?"

"ನೀ ಬರೋದ್ರೊಳ್ಗೆ ನೆನ್ಸಿಡ್ವಾ ಅಂದ್ಕಂಡೆ. ಆವಾಗಿಂದ ಕಾಯ್ತಿದ್ದೆ, ಚಿತ್ರ ಬಿಡ್ತಾನೇ ಇಲ್ಲ ಮಾರಾಯ್ತಿ."

"ಅಚ್ಚಿನ ಹಾಳೆ ಅಲ್ಲ ಅದು! ಮಾವ ಬರ್ದದ್ದೇ ಅದು!"

ಅತ್ತೆಯ ಮುಖ ಬಿಳುಚಿಕೊಂಡಿತು. ಗಾಬರಿಯಲ್ಲಿ ಹಾಳೆ ಎಳೆಯಲು ಕೈ ಹಾಕಿದರು. ನೆಂದ ಹಾಳೆ, ಎಳೆದರೆ ಎರಡು ತುಂಡು! "ಮುಟ್ಬೇಡಿ!" ಎಂದೆ. ದಂಡೆಗೆ ಕೇಳಿದ್ದು ಇದೇ.

ಮಾವ ಕೋಲೂರಿಕೊಂಡು ಬಂದು ಬೋಗುಣಿಗೆ ಬಗ್ಗಿದರು.

"ಎಂತಕೆ ಊರೆಲ್ಲ ಎಬ್ಬಿಸ್ತೆ?" ಅಂದರು. "ದೋಣಿಗೆ ಹಚ್ಚಿ ಉಳಿದ ಬಣ್ಣದಲ್ಲೇ ಬರ್ದದ್ದು ಅದು. ನೀರಿಗೆ ಹೋಗ್ತದಾ?"

ಹೌದಲ್ಲ! ಕೆಂಪು ಕೆಂಪಾಗಿಯೇ ಇತ್ತು. ಆದರೆ ಹಾಳೆ ನೆಂದ ಹಪ್ಪಳದಂತಾಗಿತ್ತು. ದೊಡ್ಡದೊಂದು ಟೈಲನ್ನು ನೀರೊಳಗೇ ಅದರ ಅಡಿಗೆ ತೂರಿಸಿ, ದಿನಾ ಪೊರೆ ಜಾರಿಸುವ ಹಾಗೆಯೇ ಬೆರಳ ತುದಿಯಲ್ಲಿ ಜಾರಿಸಿ, ಎರಡನ್ನೂ ಒಟ್ಟಿಗೆ ಎತ್ತಿದೆ. ಎಲ್ಲೂ ಹರಿಯದೆ ಇಡೀ ದೋಣಿ ಮೇಲೆ ಬಂತು. ಉಸ್ಸಪ್ಪಾ! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಗ ಕಂಡಿತು, ದೋಣಿಯ ಹೆಸರಿಲ್ಲ. ಅಷ್ಟು ಸಣ್ಣ ಅಕ್ಷರಕ್ಕೆ ಬ್ರಶ್ ದಪ್ಪವಾಯಿತೆಂದು ಮಾವ ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರಂತೆ. ಅಲ್ಲಿ ಉಳಿದದ್ದು ನೀಲಿ ಕಲೆ ಮಾತ್ರ. "ನನ್ ಕೈಗೆ ಎಂತ ಬಂದಿತ್ತೋ" ಎಂದು ಅತ್ತೆ ಸೆರಗಿಗೆ ಮುಖ ಒತ್ತಿಕೊಂಡು ಅತ್ತರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಹಾಳೆ ಒಣಗಿದ ಮೇಲೆ ನಾನೇ ಹೇಳಿದೆ, "ಹೋಗ್ಲಿ, ಹೆಸ್ರು ಕಂಪ್ಯೂಟರಲ್ಲಿ ಹಾಕಿಸ್ತೆ."

ಮಾವನಿಗೆ ರೇಗಿತು. "ನನ್ ದೋಣಿಗೆ ಕಂಪ್ಯೂಟರ್ ಹೆಸ್ರಾ? ಬ್ರಶ್ ತಾ ಇಲ್ಲಿ."

ಓಡಿದೆ. ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ದೋಣಿಯ ಬಣ್ಣವನ್ನು ಕಲಸಿ ಕೊಟ್ಟೆ. ಮಾವ ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದರು. ಅಕ್ಷರಗಳು ಏರಿದವು, ಇಳಿದವು. ಕೊನೆಗೆ ಬ್ರಶ್ ಇಟ್ಟು, "ಓರೆ ಆತು" ಅಂದರು.

ಅತ್ತೆ ಬಗ್ಗಿ ನೋಡಿದರು. "ನೀರಲ್ಲಿದ್ದ ದೋಣಿ ನೆಟ್ಟಗೆ ನಿಲ್ತದಾ?" ಅಂದರು. ಮಾವ ನಕ್ಕರು, ಅತ್ತೆಯೂ ನಕ್ಕರು.

ಆ ಓರೆ ಹೆಸರಿನ ಟೈಲೇ ಈಗ ಬಾಗಿಲ ಪಕ್ಕ ಇದೆ. ಬಂದವರು ಯಾರಾದರೂ ಓರೆ ಅಂದರೆ ಅತ್ತೆ ಜಗಳಕ್ಕೇ ನಿಲ್ಲುತ್ತಾರೆ. ಆದರೆ ನನ್ನ ಜೀವ ಹಗುರಾದದ್ದು ಅದಕ್ಕೂ ಮೊದಲೇ, ಹಾಳೆ ಹಿಡಿದು ಕುಮಟಾದ ಬಸ್ಸಿಗೆ ಹೊರಟ ಬೆಳಿಗ್ಗೆ. ಗೇಟು ದಾಟುವಾಗ ಮಾವ ಜಗಲಿಯಿಂದ ಕೂಗಿದರು.

"ಬರೋವಾಗ ಒಂದು ಸಣ್ಣ ಬ್ರಶ್ ತಾ!"