ಐವಿ ಕಾಪ್ಲಿ ಹೆಕ್ಕಿದ ಮಾತುಗಳು

ಐವಿ ಕಾಪ್ಲಿಯ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಪಾತ್ರೆ ತೊಳೆಯುತ್ತೇನೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆಯುತ್ತೇನೆ. ಇವತ್ತು ಏನಾದರಾಗಲಿ, ಬರೆದೇ ಏಳುತ್ತೇನೆ.

ಅವಳು ನನ್ನ ಪಕ್ಕದ ಮನೆಯವಳು. ಊರು ಯಾರ್ಕ್‌ಶೈರಿನ ಹ್ಯಾಗ್‌ಥಾರ್ಪ್. ಇದ್ದದ್ದು ಒಂದು ಕಲ್ಲಿದ್ದಲಿನ ಗಣಿ, ಉಳಿದದ್ದೆಲ್ಲ ಅದರ ಮಸಿ. ಗೋಡೆಗೆ ಗೋಡೆ ಅಂಟಿಕೊಂಡ ಇಟ್ಟಿಗೆ ಮನೆಗಳು. ಈಚೆ ಕೆಮ್ಮಿದರೆ ಆಚೆಯವರು ಔಷಧಿ ಹೇಳುತ್ತಿದ್ದರು. ಐವಿಯ ಗಂಡ ವಿಲ್ಫ್ ಗಣಿಯಲ್ಲಿ ಇಳಿಯುವವನು, ಆರಡಿ ದಾಟಿದ ಆಳು. ಅವಳು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು, ಹದಿನಾಲ್ಕಕ್ಕೇ ಓದು ಬಿಟ್ಟವಳು. ನಾನು ಧಾರವಾಡದಿಂದ ಹೋದ ವಾರಿಜಾ, ಊರ ದವಾಖಾನೆಯ ನರ್ಸ್. ಅವರ ಬಾಯಲ್ಲಿ ವಾರಿ. ಅವರ ಮಾತು ನಮ್ಮ ಕಡೆಯ ಮಾತಿನಷ್ಟೇ ಬಿರುಸು. ನನ್ನ ಕಿವಿಗೆ ಅದು ಧಾರವಾಡದ ಮಾತಾಗಿಯೇ ಕೇಳುತ್ತಿತ್ತು, ಹಾಗೆಯೇ ಬರೆಯುತ್ತೇನೆ.

ಹೋದ ಹೊಸದರಲ್ಲಿ ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಐವಿಗೆ, ನಿಮ್ಮ ಯಜಮಾನರು ಎಷ್ಟು ಹೈ ಇದ್ದಾರೆ ಎಂದೆ. ಬಿಪಿ ಹೈ ಇರುತ್ತದೆ, ಜ್ವರ ಹೈ ಇರುತ್ತದೆ, ಗೋಡೆ ಹೈ ಇರುತ್ತದೆ. ಗಂಡ ಯಾಕಿರಬಾರದು? ಅವಳು ನಕ್ಕ ರಭಸಕ್ಕೆ ಹಲ್ಲಲ್ಲಿ ಕಚ್ಚಿದ್ದ ಕ್ಲಿಪ್ಪುಗಳು ಕೆಳಗೆ ಬಿದ್ದವು.

"ಅಂವಗೆಲ್ಲಿ ಆ ಪುಣ್ಯಾ! ಇವತ್ತಿನ್ನೂ ಒಂದ್ ಗುಟುಕು ಕುಡದಿಲ್ಲ. ಮನಷ್ಯಾ ಟಾಲ್ ಇರ್ತಾನ, ಲವ್. ಹೈ ಅಂದ್ರ ನಶಾ ಏರಿ ತೇಲಾಕತ್ತಾನ ಅಂತ."

"ಯಾಕೆ ಹಾಗೆ?"

"ಯಾಕ ಅಂದ್ರ? ನಿನ್ ಲಗ್ನಾ ಯಾಕ ಆಗಿಲ್ಲ ಅಂತ ನಾ ಕೇಳೇನೇನು? ಕೆಲವು ಮಾತು ಕೂಡತಾವು, ಕೆಲವು ಕೂಡೂದಿಲ್ಲ. ಅಷ್ಟ."

ಆ 'ಲವ್' ಎಂಬುದಕ್ಕೂ ನಾನು ಮೊದಮೊದಲು ಬೆಚ್ಚಿದ್ದೆ. ಅಲ್ಲಿ ಬಸ್ಸಿನ ಕಂಡಕ್ಟರನೂ ಲವ್ ಅನ್ನುತ್ತಾನೆ, ಮೀನು ಮಾರುವವಳೂ ಲವ್ ಅನ್ನುತ್ತಾಳೆ. ನಮ್ಮಲ್ಲಿ ಮಾತಿನ ತುದಿಗೆ 'ಯವ್ವಾ' ಎಂದಷ್ಟೇ ಅದರ ತೂಕ. ಇಂಥವನ್ನೆಲ್ಲ ನನಗೆ ಒಂದೊಂದಾಗಿ ಬಿಡಿಸಿ ಹೇಳಿದವಳು ಐವಿ. ಕಾಲೇಜಿನಲ್ಲಿ ಕಲಿತ ಇಂಗ್ಲಿಷು ನನ್ನದು, ಅದಕ್ಕೆ ಜೀವ ತುಂಬಿದ್ದು ಅವಳು.

ಒಮ್ಮೆ ಲೈಬ್ರರಿಯ ಗೋಡೆಯ ಮೇಲೆ ಅವಳೊಂದು ಪ್ರಕಟಣೆ ಕಂಡಳು. ದೂರದ ಪಟ್ಟಣದ ನಿಘಂಟಿನ ಕಚೇರಿಯೊಂದಕ್ಕೆ ಮಾತು ಹೆಕ್ಕಿಕೊಡುವವರು ಬೇಕಾಗಿದ್ದರು. ಪುಸ್ತಕದ ಮಾತು ನಮ್ಮಲ್ಲಿ ಬೇಕಾದಷ್ಟಿದೆ, ಜನರ ಬಾಯಿಂದ ಬಿದ್ದದ್ದು ಕಳಿಸಿ ಎಂದು ಕೇಳಿದ್ದರು. ಪ್ರತಿ ಋತುವಿಗೆ ಒಂದು ಪದ ಒಪ್ಪಿಸುತ್ತಿದ್ದರು. ಆ ಪದ ಯಾವುದರ ಜೊತೆ ಕೂಡಿ ಬಂತು, ಕೂಡಿದಾಗ ಅರ್ಥ ಎಲ್ಲಿಗೆ ಜಾರಿತು ಎಂದು ನೋಡಬೇಕು. ಒಂದು ಚೀಟಿಗೆ ಒಂದೇ ವಾಕ್ಯ, ಒಂದಕ್ಷರ ತಿದ್ದದೆ. ಕೆಳಗೆ ಆಡಿದವರ ಹೆಸರಿನ ಮೊದಲಕ್ಷರ, ಸ್ಥಳ, ತಾರೀಖು. ಅವಳು ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ ಚೀಟಿ ಮಾಡಿಕೊಂಡಳು. ಬಸ್ ಸ್ಟಾಪಿನಲ್ಲಿ, ಮಾಂಸದಂಗಡಿಯ ಸಾಲಿನಲ್ಲಿ, ಶವಸಂಸ್ಕಾರ ಮುಗಿದ ಮೇಲಿನ ಚಹಾಕೂಟದಲ್ಲಿ ಕೂಡ ಕಿವಿ ಚಾಚಿ ಕೂರುವಳು. ವಿಲ್ಫ್ ಅವಳನ್ನು "ಕೆದರೋ ಕೋಳಿ" ಎಂದು ಕರೆಯುತ್ತಿದ್ದ.

ಅವನನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಅವಳು ಗುಟ್ಟು ಹೇಳಲಿಲ್ಲ. "ಗೊತ್ತಾತಂದ್ರ ಮುಗೀತು. ಎಲ್ಲಾರೂ ನಾಲಿಗಿ ಇಸ್ತ್ರಿ ಮಾಡ್ಕೊಂಡು ಬರ್ತಾರ, ರಾಣಿ ಮುಂದ ನಿಂತಾಂಗ ಮಾತಾಡ್ತಾರ," ಎನ್ನುತ್ತಿದ್ದಳು. ನೋಡಿದವರು ಸಾಮಾನಿನ ಪಟ್ಟಿಯೋ ಪದಬಂಧವೋ ಇರಬೇಕು ಎಂದುಕೊಂಡಿದ್ದರು. ತನ್ನ ಅಕ್ಷರ ಕಾಗೆ ಕಾಲು ಎಂದು ಅವಳಿಗೆ ನಾಚಿಕೆ. ಹದಿನೈದು ದಿನಕ್ಕೊಮ್ಮೆ ಹೋಗುವ ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದವಳು ನಾನು.

ಎಂಬತ್ತನಾಲ್ಕರ ಶರತ್ಕಾಲದಲ್ಲಿ ಅವಳಿಗೆ ಬಂದ ಪದ 'ಸೆಟ್'. "ಇದು ಪದಾ ಅಲ್ಲ ವಾರಿ, ಊರ ಹೋರಿ! ಕಂಡಕಂಡಲ್ಲೆ ನುಗ್ತೈತಿ," ಎಂದು ಕುಣಿದಾಡಿದಳು. ಮೇಜನ್ನು ಸೆಟ್ ಮಾಡುತ್ತಾರೆ, ಮುರಿದ ಮೂಳೆಯನ್ನೂ ಸೆಟ್ ಮಾಡುತ್ತಾರೆ, ಸೂರ್ಯ ಮುಳುಗಿದರೂ ಸೆಟ್, ಜೆಲ್ಲಿ ಗಟ್ಟಿಯಾದರೂ ಸೆಟ್. ಹಿಂದೆ ಒಂದು 'ಆಫ್' ಅಂಟಿಸಿದರೆ ಹೊರಟರು ಎಂದಾಯಿತು, 'ಅಪ್' ಅಂಟಿಸಿದರೆ ಠಿಕಾಣಿ ಹೂಡಿದರು ಎಂದಾಯಿತು.

ಆ ಹೊತ್ತಿಗೆ ಗಣಿಯ ಮುಷ್ಕರ ಒಂಬತ್ತನೇ ತಿಂಗಳಿಗೆ ಬಿದ್ದಿತ್ತು. ಊರಿಗೆ ಊರೇ ಕುದಿಯುತ್ತಿತ್ತು. ಯಾರೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಂಡಸರು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದವರೇ ನಡೆದವರು. ಮುಂಜಾನೆ ಜಾಲರಿ ಕಟ್ಟಿದ ಕಿಟಕಿಯ ಬಸ್ಸೊಂದು ಬರುತ್ತಿತ್ತು, ಮುಷ್ಕರ ಮುರಿದು ಕೆಲಸಕ್ಕೆ ಹೋಗುವ ನಾಲ್ಕೈದು ಜನರನ್ನು ಹೊತ್ತುಕೊಂಡು. ಅಂಥವರ ಜೊತೆ ಊರು ಮಾತು ಬಿಡುತ್ತದೆ. ಒಂದು ದಿನಕ್ಕಲ್ಲ, ಜನ್ಮಕ್ಕೆ. ಸಾವಿರದ ಒಂಬೈನೂರ ಇಪ್ಪತ್ತಾರರ ಮುಷ್ಕರ ಮುರಿದು ಕೆಲಸಕ್ಕೆ ಹೋದವನ ಮೊಮ್ಮಗನಿಗೆ ಇವತ್ತಿಗೂ ಬಾರಿನಲ್ಲಿ ಯಾರೂ ಕುರ್ಚಿ ಎಳೆದುಕೊಡುವುದಿಲ್ಲ.

ಅದರ ಮೇಲೆ ಇನ್ನೊಂದು ಹುಳ ಹೊಕ್ಕಿತ್ತು. ನಮ್ಮ ಗಂಡಸರು ಬೇರೆ ಗಣಿಯ ಗೇಟು ತಡೆಯಲು ಯಾವ ದಾರಿ ಹಿಡಿದರೂ ಪೊಲೀಸರು ಮೊದಲೇ ಅಲ್ಲಿ ನಿಂತಿರುತ್ತಿದ್ದರು. ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ಎಲ್ಲರಿಗೂ ಅನುಮಾನ. ನವೆಂಬರಿನ ಎರಡನೇ ವಾರ ಹತ್ತು ಜನರನ್ನು ಹಿಡಿದೊಯ್ದರು. ಅವರಲ್ಲಿ ಕೀತ್ ಲಂಬ್ ಒಬ್ಬ.

ಕೀತನ ಹೆಂಡತಿ ಮೇವಿಸ್, ಗಣಿಗಾರರ ಸಭಾಭವನವಾದ ವೆಲ್‌ಫೇರ್ ಹಾಲ್‌ನ ಅಡುಗೆಮನೆಯ ಯಜಮಾನಿ. ಮುಷ್ಕರದವರಿಗೆಲ್ಲ ಮಧ್ಯಾಹ್ನದ ಊಟ ಅಲ್ಲೇ. ಐವಿ ಅಲ್ಲಿ ಬಟಾಣಿ ಬೇಯಿಸುತ್ತಿದ್ದಳು. ಬಿಡುವಿದ್ದಾಗ ನಾನೂ ಆಲೂಗಡ್ಡೆ ಸುಲಿಯುತ್ತಿದ್ದೆ. ಆ ಗುರುವಾರ ಮೇವಿಸ್ ಚಾಕು ಹುಡುಕುತ್ತ ಐವಿಯ ಹೆಣಿಗೆ ಚೀಲಕ್ಕೆ ಕೈ ಹಾಕಿದಳು. ಬಂದದ್ದು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು.

ಒಂದನ್ನು ಓದಿದಳು. ಇನ್ನೊಂದನ್ನು ಓದಿದಳು. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಓದಿದಳು.

"'ನಾಲ್ಕಕ್ಕ ಸೆಟ್ ಆಫ್ ಆಗೂದು, ಮ್ಯಾಲಿನ ದಾರಿ ಹಿಡದು.' ಕೆ. ಎಲ್., ವೆಲ್‌ಫೇರ್ ಹಾಲ್, ನವೆಂಬರ್ ಆರು. 'ಗೇಟಿನ ಹಿಂದ ಸೆಟ್ ಅಪ್ ಆಗೋಣು.' ಟಿ. ಬಿ., ಚಿಪ್ಸ್ ಅಂಗಡಿ, ನವೆಂಬರ್ ಏಳು." ಅವಳ ತುಟಿ ಬೆಳ್ಳಗಾಗಿತ್ತು. "ಕೆ. ಎಲ್. ಅಂದ್ರ ನಮ್ಮ ಕೀತ್. ಯಾರಿಗೆ ಕಳಸ್ತಿ ಇದನ್ನ, ಐವಿ?"

"ಡಿಕ್ಷನರಿಯವರಿಗೆ."

ಯಾರೋ ಕಿಸಕ್ಕನೆ ನಕ್ಕರು. ಮೇವಿಸ್ ನಗಲಿಲ್ಲ. "ಡಿಕ್ಷನರಿಗೆ ನನ್ನ ಗಂಡ ಯಾವ ದಾರೀಲೆ ಹೋದಾ ಅನ್ನೂದು ಯಾಕ ಬೇಕು? ತಾರೀಖು ಯಾಕ ಬೇಕು? ನಾವೇನ್ ಸಗಣಿ ತಿಂತೀವೇನು?"

"ಅವರ ಪದ್ಧತಿ ಹಂಗೈತಿ. ಮನ್ಯಾಗ ಅವರ ಕಾಗದಾ ಅದಾವು, ಆದ್ರ ತೋರಸೂದಿಲ್ಲ," ಎಂದಳು ಐವಿ. ಕುತ್ತಿಗೆ ಕೆಂಪೇರಿತ್ತು. "ಹುಟ್ಟಿದೂರಾಗ ಕಾಗದಾ ತೋರಿಸಿ ಬಾಳೂ ಕರ್ಮ ನನಗಿಲ್ಲ. ವಾರೀನ್ನ ಕೇಳ್ರಿ. ವಾರಿ, ಹೇಳವಾ."

ಹನ್ನೆರಡು ಹೆಂಗಸರು ನನ್ನತ್ತ ತಿರುಗಿದರು. ನನ್ನ ಬಾಯಿ ಊರಿಗೆಲ್ಲ ಗೊತ್ತಿದ್ದದ್ದೇ. ಡಾಕ್ಟರನ್ನೂ ಬಿಟ್ಟವಳಲ್ಲ ನಾನು. ಆದರೆ ಅವತ್ತು ಬಾಯಿ ತೆರೆಯುವ ಮೊದಲು ಲೆಕ್ಕ ಹಾಕಿದೆ. ಹದಿನೆಂಟು ವರ್ಷ ನನ್ನನ್ನು 'ನಮ್ಮ ವಾರಿ' ಎಂದ ಊರು. ವಿಳಾಸ ಬರೆದವಳು ನಾನೇ ಎಂದರೆ ಇವಳೂ ಅದೇ ಗುಂಪು ಎಂದುಬಿಟ್ಟರೆ? ಹೊರಗಿನವಳನ್ನು ಹೊರಗೆ ಹಾಕಲು ಎಷ್ಟು ಹೊತ್ತು?

"ಏನೋ ಬರೀತಿದ್ದಳು, ನೋಡಿದೀನಿ," ಎಂದೆ. "ಎಲ್ಲಿಗೆ ಹೋಗ್ತದೋ ನಂಗೆ ಗೊತ್ತಿಲ್ಲ."

ಐವಿ ನನ್ನನ್ನು ನೋಡಿದಳು. ಏಪ್ರನ್ ಬಿಚ್ಚಿ ಮಡಿಸಿಟ್ಟು ಹೊರಟುಹೋದಳು.

ಮರುದಿನದಿಂದ ಊರು ಅವಳ ಜೊತೆ ಮಾತು ಬಿಟ್ಟಿತು. ಅವಳು ಬಸ್ ಸ್ಟಾಪಿಗೆ ಬಂದರೆ ಅಲ್ಲಿದ್ದವರು ಬಾಯಿ ಮುಚ್ಚುತ್ತಿದ್ದರು. ಮಾಂಸದಂಗಡಿಯವನು ಕೇಳಿದ್ದನ್ನು ಕಟ್ಟಿಕೊಟ್ಟು ಬೇರೆ ಕಡೆ ನೋಡುತ್ತಿದ್ದ. ಜೀವಮಾನವೆಲ್ಲ ಜನರ ಮಾತಿಗೆ ಕಿವಿ ಕೊಟ್ಟು ಬದುಕಿದವಳು ಅವಳು. ಆ ಕಿವಿಗೆ ಒಂದು ಸೊಲ್ಲೂ ಬೀಳದಂತೆ ಮಾಡಿದರು. ಯಾರಿಗೂ ಬೇಡ ಅಂಥ ಶಿಕ್ಷೆ. ನಾನು ದವಾಖಾನೆಯಲ್ಲಿ ಥರ್ಮಾಮೀಟರ್ ಒಡೆದೆ, ಮನೆಯಲ್ಲಿ ಅನ್ನ ಸೀದಿಸಿದೆ, ಹಿತ್ತಲಿಗೆ ಹೋಗಿ ಬಂದೆ, ಮತ್ತೆ ಹೋದೆ. ಅವಳ ಬಾಗಿಲು ಬಡಿಯಲು ಕೈ ಏಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎಂದು ನನ್ನನ್ನೇ ಬೈದುಕೊಂಡೆ.

ಒಂಬತ್ತನೇ ದಿನ ಸಂಜೆ ಗೋಡೆಯಾಚೆಯಿಂದ ವಿಲ್ಫನ ದನಿ ಕೇಳಿತು.

"ಕ್ಲಬ್ಬಿನ್ಯಾಗ ನನಗ ಬೆನ್ನು ತೋರಿಸ್ಯಾರ, ಐವಿ. ಒಂಬತ್ತ್ ತಿಂಗಳಾ ಇವರ ಜೋಡಿ ಚಳ್ಯಾಗ ನಿಂತೀನಿ. ದ್ರೋಹಿ ಅಂತ ಅನಿಸ್ಕೊಂಡಮ್ಯಾಲ ದ್ರೋಹಿ ಆಗೂದ ಚಲೋ. ಸೋಮವಾರ ಬಸ್ ಹತ್ತತೀನಿ."

"ನಿನ್ ಕಾಲಿಗೆ ಬೀಳ್ತೀನಿ, ವಿಲ್ಫ್. ಈಗ ಸುಳ್ಳ ಹೇಳ್ಯಾರ. ನೀ ಹತ್ತಿದಂದ್ರ ಖರೇ ಆಗ್ತೈತಿ."

ಐವಿ ಕಾಲಿಗೆ ಬೀಳುತ್ತೇನೆ ಎಂದದ್ದು! ನನಗೆ ಇನ್ನು ತಡೆಯಲಾಗಲಿಲ್ಲ.

ಮರುದಿನ ಊಟದ ಹೊತ್ತಿಗೆ ವೆಲ್‌ಫೇರ್ ಹಾಲಿಗೆ ಹೋಗಿ, ತಟ್ಟೆ ಹಿಡಿದು ನಿಂತವರ ನಡುವೆಯೇ ಹೇಳಿದೆ. ಲಕೋಟೆಯ ವಿಳಾಸ ಬರೆದದ್ದು ನಾನು. ಆ ಕಚೇರಿಯ ಪ್ರತಿ ಕಾಗದವನ್ನೂ ಐವಿ ನನಗೆ ಓದಿ ತೋರಿಸಿದ್ದಾಳೆ. ಅವರಿಗೆ ಬೇಕಾಗಿದ್ದದ್ದು 'ಸೆಟ್' ಎಂಬ ಒಂದು ಪದ, ಕೀತನ ದಾರಿಯಲ್ಲ. ಬೇಕಾದರೆ ಕಚೇರಿಗೆ ಈಗಲೇ ಫೋನ್ ಮಾಡಿ. ಅವತ್ತು ನಾನು ಹೆದರಿ ಸುಳ್ಳು ಹೇಳಿದ್ದೆ.

ಮೇವಿಸ್ ಸೌಟು ಕೆಳಗಿಟ್ಟಳು. "ಒಂಬತ್ತ್ ದಿನಾ, ವಾರಿ," ಎಂದಳು. ಅಷ್ಟೇ. ಫೋನ್ ಕೂಡ ಮಾಡಲಿಲ್ಲ. ಏಪ್ರನ್ನಿನಲ್ಲೇ ಬೀದಿಗಿಳಿದು ನಡೆದಳು. ಹಿಂದೆ ಅಡುಗೆಮನೆಯ ಹೆಂಗಸರೆಲ್ಲ, ಎಲ್ಲರ ಹಿಂದೆ ನಾನು.

ಬಾಗಿಲು ತೆಗೆದ ಐವಿಯ ಮುಂದೆ ಮೇವಿಸ್‌ಗೆ ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಆ ಊರಿನವರಿಗೆ ಅದು ಬರುವುದೂ ಇಲ್ಲ. "ಬಟಾಣಿ ಕಲ್ಲ ಆಗ್ಯಾವು, ಲವ್," ಎಂದಳು. ಕಣ್ಣಲ್ಲಿ ನೀರಿತ್ತು. "ಯಾರೂ ತಿನ್ನವಲ್ಲರು."

ಐವಿ ಅವಳ ಏಪ್ರನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೇಳಿದಳು, "ನೆನಿ ಹಾಕೂವಾಗ ಸೋಡಾ ಹಾಕಿದ್ರೋ ಇಲ್ಲೋ?"

"ಇಲ್ಲ."

"ದಡ್ಡ ಮುಂಡೇವು," ಎನ್ನುತ್ತ ಕೋಟಿಗೆ ಕೈ ಹಾಕಿದಳು. ಒಳಗೆ ವಿಲ್ಫ್ ಸೋಮವಾರಕ್ಕೆಂದು ಬಾಗಿಲ ಬಳಿ ಇಟ್ಟುಕೊಂಡಿದ್ದ ಗಣಿಯ ಬೂಟುಗಳನ್ನು ಎತ್ತಿ ಮೆಟ್ಟಿಲ ಕೆಳಗೆ ತಳ್ಳಿದ. ಹೆಂಗಸರು ಎಲ್ಲರೂ ಒಟ್ಟಿಗೇ ಮಾತಾಡುತ್ತ ಅವಳನ್ನು ನಡುವೆ ಹಾಕಿಕೊಂಡು ಹೋದರು. ನನ್ನ ಪಕ್ಕದಲ್ಲೇ ಹಾದುಹೋದರು.

ಆ ಸಂಜೆ ನಾನು ಬಾಗಿಲು ಬಡಿದೆ. ತೆಗೆದಳು, ಒಳಗೆ ಕರೆಯಲಿಲ್ಲ.

"ಮೇವಿಸ್‌ಗೆ ಗೊತ್ತಿರಲಿಲ್ಲ," ಎಂದಳು ಮೆತ್ತಗೆ. "ಆಕೀ ಗಂಡನ್ನ ಹಿಡದಿದ್ರು, ಆಕೀಗೆ ಸಿಟ್ಟು ಬಂತು, ಬರೂದ. ನಿನಗ ಗೊತ್ತಿತ್ತು."

ಮಾರ್ಚಿನಲ್ಲಿ ಮುಷ್ಕರ ಸೋತು ಮುಗಿಯಿತು; ಗಂಡಸರು ತಲೆ ತಗ್ಗಿಸದೆ, ವಾದ್ಯ ಬಾರಿಸುತ್ತ ಕೆಲಸಕ್ಕೆ ಮರಳಿದರು, ವಿಲ್ಫ್ ಅವರ ನಡುವೆಯೇ ಇದ್ದ. ಕೆಲವು ವರ್ಷದಲ್ಲಿ ಗಣಿಯೂ ಮುಚ್ಚಿತು. ಐವಿ ಮಾತ್ರ ಚೀಟಿ ಬರೆಯುವುದನ್ನು ಬಿಡಲಿಲ್ಲ. ಈಗ ಊರಿಗೆಲ್ಲ ಗೊತ್ತು. ಬಸ್ ಸ್ಟಾಪಿನಲ್ಲಿ ಜನ ತಾವಾಗಿಯೇ "ಇದನ್ನ ಬರ್ಕೋ ಐವಿ" ಎನ್ನುತ್ತಿದ್ದರು. ವಿಳಾಸವನ್ನು ಕಾಗೆ ಕಾಲಿನಲ್ಲಿ ಅವಳೇ ಬರೆದುಕೊಳ್ಳುತ್ತಿದ್ದಳು.

ನನ್ನ ಜೊತೆ ಅವಳು ಮಾತು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಬಿಡಲಿಲ್ಲ. ಎದುರಾದಾಗ ನಿಂತು, ಇವತ್ತು ಗಾಳಿ ಐತಿ ಎನ್ನುತ್ತಿದ್ದಳು, ಮಧ್ಯಾಹ್ನ ಬಿಸಲು ಬೀಳಬಹುದು ಎನ್ನುತ್ತಿದ್ದಳು. ಹೆಸರು ಗೊತ್ತಿಲ್ಲದ ಯಾರ ಜೊತೆಗಾದರೂ ಆ ದೇಶದಲ್ಲಿ ಆಡುವ ಮಾತು ಅದು. ಹೊಸ ಪದ, ಗಂಡನ ಗೇಲಿ, ಲಗ್ನದ ಚೇಷ್ಟೆ, ಯಾವುದೂ ಇಲ್ಲ. ಹನ್ನೊಂದು ವರ್ಷ ಗೋಡೆಗೆ ಗೋಡೆ ಅಂಟಿಕೊಂಡು ಹಾಗೆಯೇ ಬದುಕಿದೆವು.

ಕೊನೆಗೆ ಅವಳು ಹಾಸಿಗೆ ಹಿಡಿದಾಗ ದವಾಖಾನೆಯಿಂದ ಹೋಗುತ್ತಿದ್ದವಳು ನಾನೇ. ಮೈ ಒರೆಸಿ, ತಲೆ ಬಾಚಿ, ದಿಂಬು ಸರಿ ಮಾಡಿ ಕೂರುತ್ತಿದ್ದೆ. ಒಂದು ಮಾತು, ಒಂದೇ ಒಂದು ಬೈಗುಳವಾದರೂ ಬಂದೀತು ಎಂದು ಕಾಯುತ್ತಿದ್ದೆ. ತೀರಿಹೋಗುವ ಮುನ್ನಾದಿನ ಅವಳು ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು.

"ಹೊರಗ ಚಳಿ ಐತೇನು?" ಎಂದಳು.

ಐತಿ ಎಂದೆ.